‘ಕೆಇಬಿ ಬಿಲ್ಲು’ ಅಂದರೂ ಸಿಗಬೇಕು: ಮನೆ ಕಾಗದಪತ್ರಕ್ಕೊಂದು ಸರ್ಚ್ ಫಾರ್ಮ್

ನಮ್ಮನೆ ಕಾಗದಪತ್ರಗಳ ಪಟ್ಟಿ ಬಹಳ ಕಾಲದಿಂದ ಲಿಬ್ರೆಆಫೀಸ್ ಬೇಸ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ ಇತ್ತು. ಕ್ರಯಪತ್ರ, ಖಾತಾ, ಕಂದಾಯದ ರಸೀದಿ, ಕರೆಂಟಿನದು, ನೀರಿನದು, ಎಲ್‌ಐಸಿ ಬಾಂಡು, ಅಮ್ಮನ ಕಣ್ಣಿನ ರಿಪೋರ್ಟು, ಫ್ರಿಜ್ಜಿನ ವಾರಂಟಿ ಕಾರ್ಡು, ಎಲ್ಲಕ್ಕೂ ಒಂದೊಂದು ಸಾಲು. ಯಾವ ಫೈಲಿನಲ್ಲಿದೆ, ಆ ಫೈಲು ಬೀರುವಿನಲ್ಲೋ ಮಂಚದ ಕೆಳಗಿನ ಟ್ರಂಕಿನಲ್ಲೋ ಅನ್ನುವುದೂ ಬರೆದಿದೆ. ಆದರೆ ಹುಡುಕಿಕೊಡಲು ನಾನೇ ಬೇಕು. ನಾನು ಆಫೀಸಿನಲ್ಲಿದ್ದರೆ ಫೋನ್ ಬರುತ್ತದೆ.

ಕಾರಣ ಫಾರ್ಮು. ಬೇಸ್‌ನ ವಿಝಾರ್ಡ್‌ಗೆ ಟೇಬಲ್ಲು ತೋರಿಸಿದರೆ ಕಾಲಂಗೆ ಒಂದರಂತೆ ಖಾನೆ ಜೋಡಿಸಿ ಕೊಡುತ್ತದೆ: ಶೀರ್ಷಿಕೆ, ಕಚೇರಿ, ಯಾರ ಹೆಸರಲ್ಲಿ, ದಿನಾಂಕ, ಸಂಖ್ಯೆ, ಫೈಲು, ಟಿಪ್ಪಣಿ. ತುಂಬುವುದಕ್ಕೆ ಅದು ಸರಿ. ಹುಡುಕುವವನು ಮಾತ್ರ ತನಗೆ ಗೊತ್ತಿರುವ ಚೂರು ಯಾವ ಖಾನೆಗೆ ಸೇರಿದ್ದು ಅಂತ ಮೊದಲೇ ತಿಳಿದಿರಬೇಕು. ಅಪ್ಪ ಒಂದು ಸಲ ಮೌಸ್ ಹಿಡಿದು ನೋಡಿ, “ಅಲ್ಲಮ್ಮ, ಇಷ್ಟು ಖಾನೆ ತುಂಬೋ ಹೊತ್ತಿಗೆ ಬೀರುನೇ ಎರಡು ಸಲ ಜಾಲಾಡಿಬಿಡ್ತೀನಿ” ಅಂದುಬಿಟ್ಟರು. ಅವರ ಮಾತು ನ್ಯಾಯವೇ.

ಇನ್ನೊಂದು ತೊಡಕು ಈ ಊರಿನದ್ದೇ. ನಮ್ಮ ಮನೆ ಟಿ. ದಾಸರಹಳ್ಳಿ ಕಡೆ. ಅಪ್ಪ ಸೈಟು ತೆಗೆದುಕೊಂಡಾಗ ಅದು ಪಂಚಾಯಿತಿ, ಆಮೇಲೆ ನಗರಸಭೆ, 2007ರಲ್ಲಿ ಸುತ್ತಲಿನ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲ ಸೇರಿ ಬಿಬಿಎಂಪಿ ಆಯಿತು. 2025ರ ಸೆಪ್ಟೆಂಬರಿನಿಂದ ಅದೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರ ಪಾಲಿಕೆ. ಮನೆ ಅದೇ, ಕಂದಾಯ ಅದೇ, ರಸೀದಿಯ ತಲೆಬರಹ ಮಾತ್ರ ಬೇರೆ ಬೇರೆ. ಕರೆಂಟಿನದೂ ಇದೇ ಕತೆ: 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್, 2002ರಲ್ಲಿ ನಮ್ಮ ಭಾಗಕ್ಕೆ ಬೆಸ್ಕಾಂ. ಅಪ್ಪನಿಗೆ ಇವತ್ತಿಗೂ ಅದು ಕೆಇಬಿ, ಅಮ್ಮನಿಗೆ ‘ಲೈಟ್ ಬಿಲ್ಲು’, ನನಗೆ ಬೆಸ್ಕಾಂ, ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ‘ವಿದ್ಯುತ್ ಶುಲ್ಕ’.

ಪಟ್ಟಿಯಲ್ಲಿರುವ ಹೆಸರುಗಳನ್ನೆಲ್ಲ ತಿದ್ದಿ ಒಂದೇ ಮಾಡಿಬಿಡಬಹುದಿತ್ತು. ಬೇಡ ಅನ್ನಿಸಿತು. ಕೌಂಟರಿನಲ್ಲಿ ಕೇಳುವುದು ಕಾಗದದ ಮೇಲಿರುವ ಹೆಸರನ್ನೇ. ಪಟ್ಟಿಯಲ್ಲಿ ಅದು ಹಾಗೇ ಇರಲಿ. ಮನೆಯವರು ಕರೆಯುವ ಹೆಸರುಗಳಿಗೆ ಬೇರೆ ಟೇಬಲ್ ಇರಲಿ, ಫಾರ್ಮಿನಲ್ಲಿ ಒಂದೇ ಒಂದು ಖಾನೆ ಇರಲಿ, ಅದರಲ್ಲಿ ಏನು ಕುಟ್ಟಿದರೂ ಅರ್ಥ ಮಾಡಿಕೊಳ್ಳುವ ಕೆಲಸ ಪ್ರೋಗ್ರಾಮಿಗಿರಲಿ ಅಂತ ತೀರ್ಮಾನಿಸಿದೆ.

ಬೇಸ್‌ನಿಂದ ಪಟ್ಟಿಯನ್ನು ಸಾದಾ ಪಠ್ಯದ ಸಿಎಸ್‌ವಿ ಫೈಲಾಗಿ ತೆಗೆದು ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸಿಗೆ ಹಾಕಿದ್ದು, ಪೈಥಾನ್ ಭಾಷೆಯ ಫ್ಲಾಸ್ಕ್‌ನಲ್ಲಿ ಒಂದು ವೆಬ್ ಪುಟ ಬರೆದದ್ದು, ಹಳೇ ಲ್ಯಾಪ್‌ಟಾಪಿನ ಮೇಲೆ ಓಡಿಸಿದ್ದು, ಇವುಗಳಲ್ಲಿ ಹೇಳುವಂಥದ್ದೇನಿಲ್ಲ. ಮನೆಯ ವೈಫೈ ಬಿಟ್ಟು ಹೊರಗಿನಿಂದ ಅದನ್ನು ಮುಟ್ಟಲಾಗದು. ಆಧಾರ್, ಪಾನ್ ಕಾರ್ಡುಗಳ ಸ್ಕ್ಯಾನ್ ಅದರಲ್ಲಿ ಇಟ್ಟೇ ಇಲ್ಲ. ‘ಹಸಿರು ಪೌಚಿನಲ್ಲಿದೆ’ ಅಂತ ಮಾತ್ರ ಇದೆ.

ಹುಡುಕಾಟಕ್ಕೆ ಎಸ್‌ಕ್ಯೂಲೈಟ್ ಜೊತೆಗೇ ಬರುವ ಎಫ್‌ಟಿಎಸ್5 ಅನ್ನುವ ಪಠ್ಯ ಹುಡುಕುವ ಸೌಲಭ್ಯ ಬಳಸಿದೆ. ಕನ್ನಡದಲ್ಲಿ ಏನಾದರೂ ಇಡುವವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ‘ನೀರು’ ಅಂತ ಹುಡುಕಿದರೆ ನೀರಿನ ರಸೀದಿಗಳ ಜೊತೆ ‘ನೂರು ರೂಪಾಯಿ ಛಾಪಾ ಕಾಗದ’ವೂ ಬಂತು. ಅಲ್ಲಿ ನೀರು ಎಲ್ಲಿಂದ ಬಂತು? ಪಠ್ಯವನ್ನು ಪದಗಳಾಗಿ ಕತ್ತರಿಸುವ ಭಾಗಕ್ಕೆ ಟೋಕನೈಸರ್ ಅನ್ನುತ್ತಾರೆ; ಎಫ್‌ಟಿಎಸ್5ರ ಮಾಮೂಲಿ ಟೋಕನೈಸರ್ ಹೆಸರು ಯೂನಿಕೋಡ್61. ಯೂನಿಕೋಡ್‌ನಲ್ಲಿ ಅಕ್ಷರ, ಅಂಕಿ ಅಂತ ಗುರುತಿರುವುದನ್ನಷ್ಟೇ ಅದು ಪದದ ಭಾಗ ಅನ್ನುತ್ತದೆ, ಉಳಿದದ್ದನ್ನೆಲ್ಲ ಖಾಲಿ ಜಾಗದಂತೆ ಕತ್ತರಿಸುತ್ತದೆ. ನಮ್ಮ ಕಾಗುಣಿತದ ಗುರುತುಗಳು, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ ಎಲ್ಲವೂ ಯೂನಿಕೋಡ್ ಲೆಕ್ಕದಲ್ಲಿ ‘ಮಾರ್ಕ್’ ವರ್ಗದವು. ಹಾಗಾಗಿ ‘ನೀರು’ ಒಡೆದು ‘ನ’, ‘ರ’ ಅಂತ ಎರಡು ತುಂಡಾಗುತ್ತದೆ. ‘ನೂರು’ ಸಹ ‘ನ’, ‘ರ’. ಎರಡೂ ಒಂದೇ!

ಪರಿಹಾರ ಒಂದೇ ಸಾಲು. ಟೇಬಲ್ ಮಾಡುವಾಗ ಯೂನಿಕೋಡ್61ಕ್ಕೆ ‘ಕೆಟಗರೀಸ್’ ಅನ್ನುವ ಆಯ್ಕೆ ಕೊಡಬಹುದು. ಮಾಮೂಲಿಯಾಗಿ ಅದರಲ್ಲಿರುವ ‘ಎಲ್’ (ಅಕ್ಷರ), ‘ಎನ್’ (ಅಂಕಿ) ವರ್ಗಗಳ ಜೊತೆ ‘ಎಂ’ (ಮಾರ್ಕ್) ವರ್ಗವನ್ನೂ ನಕ್ಷತ್ರ ಚಿಹ್ನೆಯೊಂದಿಗೆ ಸೇರಿಸಿದರೆ ಮಾತ್ರೆಗಳು ಪದದೊಳಗೇ ಉಳಿಯುತ್ತವೆ. 2020ರ ಕೊನೆಗೆ ಬಂದ 3.34ನೇ ಆವೃತ್ತಿಯಿಂದ ಟ್ರೈಗ್ರಾಮ್ ಅನ್ನುವ ಇನ್ನೊಂದು ಟೋಕನೈಸರ್ ಇದೆ, ಮೂರು ಮೂರು ಸಂಕೇತ ಹಿಡಿದು ಪದದ ನಡುವಿನಿಂದಲೂ ಹುಡುಕುತ್ತದೆ. ಆದರೆ ಮೂರಕ್ಕಿಂತ ಚಿಕ್ಕದನ್ನು ಕೊಟ್ಟರೆ ಅದಕ್ಕೆ ಏನೂ ಸಿಗದು; ‘ಋಣ’ ಎರಡೇ. ಅದನ್ನು ಕೈಬಿಟ್ಟೆ.

ಮುಂದಿನದು ಶುದ್ಧ ಮಾಡುವ ಕೆಲಸ. ಈ ಪಟ್ಟಿಯ ಹಳೇ ಭಾಗ ಹಿಂದೆ ಯಾವುದೋ ಹಳೇ ಫಾಂಟಿನಲ್ಲಿ ಟೈಪಾಗಿ, ನಂತರ ಯೂನಿಕೋಡಿಗೆ ಬದಲಾಗಿ ಬಂದದ್ದು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಪದ ಕಂಪ್ಯೂಟರಿಗೆ ಬೇರೆ ಬೇರೆ ಆಗಿರುವುದು ಇಲ್ಲಿ ಮಾಮೂಲು. ‘ಕೋ’ ಅನ್ನುವುದನ್ನು ಒಂದೇ ಓತ್ವ ಸಂಕೇತದಿಂದಲೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಮೇಲಿನ ದೀರ್ಘ ಅಂತ ಮೂರು ತುಂಡಿನಿಂದಲೂ ಬರೆಯಬಹುದು. ಪೈಥಾನ್‌ನಲ್ಲಿ ಎನ್‌ಎಫ್‌ಸಿ ನಾರ್ಮಲೈಸ್ ಮಾಡಿದರೆ, ಅಂದರೆ ಇಂಥ ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತಂದರೆ, ಇದು ಸರಿಹೋಗುತ್ತದೆ. ‘ಎಲ್‌ಐಸಿ’ ಪದದಲ್ಲಿ ಲ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬಹುದು, ಇಲ್ಲದೆಯೂ ಇರಬಹುದು. ‘ರಾಜ್‌ಕುಮಾರ್ ರಸ್ತೆ’ಯಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಹಾಕುವುದೂ ಅದೇ. ಹುಡುಕುವಾಗ ಅದನ್ನು ಎರಡೂ ಕಡೆ ತೆಗೆದುಹಾಕಿದೆ. ತೆಗೆಯದಿದ್ದರೆ ಟೋಕನೈಸರ್ ಅಲ್ಲಿಯೂ ಕತ್ತರಿ ಹಾಕುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಸೊನ್ನೆ. ಹಳೇ ಟೈಪಿಂಗಿನಲ್ಲಿ ‘ಬೆಂಗಳೂರು’ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಹಾಕಿರುವ ಕಡೆ ಬಹಳ. ನೋಡಲು ‘ಬೆ೦ಗಳೂರು’, ವ್ಯತ್ಯಾಸವೇ ಕಾಣದು. ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿದರೆ ‘೨೦೦೪’ ಹಾಳಾಗುತ್ತದೆ. ನಿಯಮ ಹೀಗಿಟ್ಟೆ: ಸೊನ್ನೆಯ ಹಿಂದೆ ಕನ್ನಡದ ಅಕ್ಷರವೋ ಮಾತ್ರೆಯೋ ಇದ್ದರೆ ಅನುಸ್ವಾರ, ಹಿಂದೆ ಅಂಕಿಯೋ ಖಾಲಿ ಜಾಗವೋ ಇದ್ದರೆ ಸೊನ್ನೆ. ಅದಾದ ಮೇಲೇ ಕನ್ನಡ ಅಂಕಿಗಳನ್ನು 0-9 ಮಾಡಬೇಕು. ಕ್ರಮ ತಿರುವುಮುರುವು ಆದರೆ ಗೊತ್ತಾಗದ ಹಾಗೆ ಕೆಡುತ್ತದೆ. ವಿಸರ್ಗದ ಜಾಗದಲ್ಲಿ ಕೋಲನ್ ಹಾಕಿರುವುದಕ್ಕೂ ಇದೇ ಥರದ ಉಪಾಯ.

ಇಷ್ಟಾದರೂ ‘ಬಿಲ್’, ‘ಬಿಲ್ಲು’, ‘ಬಿಲ್ಲಿನ’ ಮೂರೂ ಬೇರೆ. ಕನ್ನಡದಲ್ಲಿ ಯಾರೂ ನಿಘಂಟಿನ ರೂಪದಲ್ಲಿ ಹುಡುಕುವುದಿಲ್ಲ. ‘ನೀರಿನ ಬಿಲ್’, ‘ಅಮ್ಮನ ಕಣ್ಣಿನ ರಿಪೋರ್ಟು’ ಅಂತ ಮಾತಾಡಿದ ಹಾಗೇ ಬರೆಯುತ್ತಾರೆ. ವ್ಯಾಕರಣ ಬಲ್ಲ ದೊಡ್ಡ ಲೈಬ್ರರಿ ತರುವ ಬದಲು ಒರಟಾಗಿ ಕತ್ತರಿಸಿದೆ. ಪದದ ಕೊನೆಯ ‘ಿನ’, ‘ನ’, ‘ದ’, ‘ಯ’, ‘ದು’ ಕಿತ್ತುಹಾಕು. ಕೊನೆಯ ಉಕಾರವನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಬಿಡು. ಒತ್ತಿ ಬಂದ ಅದೇ ವ್ಯಂಜನವನ್ನು ಒಂದೇ ಮಾಡು. ‘ಕಣ್ಣು’, ‘ಕಣ್ಣಿನ’ ಎರಡೂ ‘ಕಣ’ ಆಗುತ್ತವೆ. ‘ಬಿಲ್’, ‘ಬಿಲ್ಲು’, ‘ಬಿಲ್ಲಿನ’ ಮೂರೂ ‘ಬಿಲ’. ‘ವೇತನ’ದ ‘ನ’ ಹಾರಿಹೋಗಿ ‘ವೇತ’ ಆಗುವುದು ನಿಜ. ಆದರೆ ಪಟ್ಟಿಯ ಕಡೆಯೂ ಅದೇ ಕತ್ತರಿ ಆಡಿರುವುದರಿಂದ ಅಲ್ಲಿಯೂ ‘ವೇತ’ವೇ ಇದೆ, ಎರಡೂ ಕೂಡಿಕೊಳ್ಳುತ್ತವೆ. ‘ವೇತನದ’ ಅಂತ ಬಂದರೆ? ಮೊದಲು ‘ದ’, ನಂತರ ‘ನ’, ಹೀಗೆ ಇನ್ನು ಕೀಳಲು ಆಗದವರೆಗೂ ಕೀಳಬೇಕು. ಕನಿಷ್ಠ ಎರಡು ಅಕ್ಷರ ಉಳಿಯಲೇಬೇಕು ಅನ್ನುವ ಕಟ್ಟುಪಾಡು ಇಲ್ಲದಿದ್ದರೆ ‘ದಿನ’ ಬರೀ ‘ದ’ ಆಗಿ ಕೂರುತ್ತದೆ.

ಕಾಗುಣಿತದ ವಿಷಯದಲ್ಲಿ ಎಷ್ಟು ಸಡಿಲ ಬಿಡಬೇಕು ಅನ್ನುವುದು ಅವರವರ ಮನೆಗೆ ಬಿಟ್ಟದ್ದು. ಹ್ರಸ್ವ ದೀರ್ಘ ಒಂದೇ ಮಾಡಿದೆ, ಮಹಾಪ್ರಾಣ ತೆಗೆದೆ, ಶ ಷ ಸ ಒಂದೇ ಮಾಡಿದೆ. ‘ರಶೀದಿ’, ‘ರಸೀದಿ’ ಹೀಗೆ ಕೂಡಿಕೊಂಡವು. ‘ಖಾತಾ’ ಅಂತ ಕುಟ್ಟಬೇಕಾದಲ್ಲಿ ‘ಕಾತಾ’ ಅಂತ ಬಿದ್ದರೂ ಪರವಾಗಿಲ್ಲ. ಲ-ಳ, ನ-ಣ ಮಾತ್ರ ಮುಟ್ಟಲಿಲ್ಲ. ಊರಿನ ಜಮೀನಿನ ಕಾಗದಗಳಲ್ಲಿ ‘ಬೆಳೆ’ಯೂ ಇದೆ ‘ಬೆಲೆ’ಯೂ ಇದೆ, ಅವೆರಡನ್ನೂ ಒಂದು ಮಾಡಿದರೆ ಚಿಕ್ಕಪ್ಪನ ಬೆಳೆ ವಿಮೆ ಹುಡುಕಿದಾಗ ಬಾವಿ ಪಂಪಿನ ಬೆಲೆಪಟ್ಟಿ ಎದುರಿಗೆ ನಿಲ್ಲುತ್ತದೆ. ಈ ಸಡಿಲಿಕೆಯೆಲ್ಲ ಹುಡುಕಲು ಇಟ್ಟ ಪ್ರತ್ಯೇಕ ಕಾಲಂನಲ್ಲಿ ಮಾತ್ರ. ತೆರೆಯ ಮೇಲೆ ಬರುವುದು ಮೂಲದಲ್ಲಿದ್ದ ಹಾಗೇ.

ಈಗ ಮನೆಮಾತಿನ ಟೇಬಲ್. ಎರಡೇ ಕಾಲಂ: ಗುಂಪು, ಪದ. ಕೆಇಬಿ, ಕರೆಂಟು, ಲೈಟ್ ಬಿಲ್ಲು, ವಿದ್ಯುತ್, ಕೆಪಿಟಿಸಿಎಲ್, ಬೆಸ್ಕಾಂ ಒಂದು ಗುಂಪು. ಕಂದಾಯ, ತೆರಿಗೆ, ಟ್ಯಾಕ್ಸ್ ಇನ್ನೊಂದು. ಕ್ರಯಪತ್ರ, ಸೇಲ್ ಡೀಡ್, ಅಪ್ಪ ಬರೀ ‘ರಿಜಿಸ್ಟ್ರಿ’ ಅನ್ನುವುದು, ಎಲ್ಲ ಒಂದೇ. ಋಣಭಾರ ಪತ್ರಕ್ಕೆ ಮನೆಯಲ್ಲಿ ಎಲ್ಲರೂ ಹೇಳುವುದು ‘ಇಸಿ’. ಪಹಣಿ, ಆರ್‌ಟಿಸಿ ಜೊತೆಗೆ ‘ಉತಾರ’ವನ್ನೂ ಸೇರಿಸಿದೆ, ಚಿಕ್ಕಮ್ಮ ಧಾರವಾಡದವರು, ಅವರು ಕೇಳುವುದು ಹಾಗೇ. ಗುಂಪಿನ ಒಂದು ಪದ ಕಂಡರೆ ಉಳಿದವುಗಳಲ್ಲಿ ಯಾವುದಿದ್ದರೂ ಸರಿ ಅಂತ ಪ್ರಶ್ನೆ ಹಿಗ್ಗುತ್ತದೆ. ‘ಲೈಟ್ ಬಿಲ್ಲು’ ಥರದ ಎರಡು ಪದದವನ್ನು ಮೊದಲು ನೋಡಬೇಕು, ಇಲ್ಲವಾದರೆ ಬಿಡಿ ‘ಲೈಟ್’ ಹಿಡಿದು ಟ್ಯೂಬ್‌ಲೈಟಿನ ವಾರಂಟಿಗೆ ಹೋಗುತ್ತದೆ. ‘ಕೆ.ಇ.ಬಿ.’, ‘ಕೆ ಇ ಬಿ’ ಬರೆದರೂ ಕೂಡಿಸಿಕೊಳ್ಳುವಂತೆ, ಒಂದೊಂದೇ ಅಕ್ಷರದ ಪದ ಸಾಲಾಗಿ ಬಂದರೆ ಅಂಟಿಸಿದೆ. ಅಮ್ಮ ವಾಟ್ಸಾಪಿನ ಅಭ್ಯಾಸದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಾರೆ. ಅದಕ್ಕೆ ಲಿಪ್ಯಂತರ ಯಂತ್ರ ಕಟ್ಟುವ ಗೋಜಿಗೆ ಹೋಗದೆ, ಅವರು ಬರೆಯುವ ಪದಗಳನ್ನೇ ಆಯಾ ಗುಂಪಿಗೆ ತುಂಬಿದೆ. ಮನೆಯವರು ಬಳಸುವ ಪದ ಎಷ್ಟಿದ್ದಾವು?

‘ಖಾತೆ’ ಒಂದೇ ಯಾವ ಗುಂಪಿಗೂ ಒಗ್ಗಲಿಲ್ಲ. ಬ್ಯಾಂಕಿನದೂ ಖಾತೆ, ಮನೆಯದೂ ಖಾತೆ. ಪ್ರೋಗ್ರಾಮು ಊಹಿಸುವುದಕ್ಕಿಂತ ಕೇಳುವುದು ಮೇಲು. ಹಾಗಾಗಿ ಬರೀ ‘ಖಾತೆ’ ಅಂದರೆ ಎರಡೂ ಬರುತ್ತವೆ, ಮೇಲೆ ಎರಡು ಗುಂಡಿ ಕಾಣುತ್ತವೆ: ‘ಮನೆ ಖಾತಾ’, ‘ಬ್ಯಾಂಕ್ ಖಾತೆ’. ಒಂದನ್ನು ಒತ್ತಿದರೆ ಇನ್ನೊಂದು ಹೋಗುತ್ತದೆ. ಈ ಉಪಾಯ ಚೆನ್ನಾಗಿ ಕಂಡದ್ದರಿಂದ ಬೇರೆ ಕಡೆಗೂ ಹಬ್ಬಿಸಿದೆ. ಫಲಿತಾಂಶ ಹೆಚ್ಚಾದರೆ ‘ಅಪ್ಪ 9’, ‘ಅಮ್ಮ 4’ ಅಂತ ಯಾರ ಹೆಸರಲ್ಲಿ ಎಷ್ಟಿವೆ ಅನ್ನುವ ಗುಂಡಿಗಳು. ಬೇಸ್‌ನ ಫಾರ್ಮು ಹುಡುಕುವ ಮೊದಲೇ ಕೇಳುತ್ತಿದ್ದದ್ದನ್ನು ಇದು ಹುಡುಕಿದ ಮೇಲೆ, ಬೇಕಾದರೆ ಮಾತ್ರ, ಕೇಳುತ್ತದೆ. ಸೊನ್ನೆ ಇರುವ ಗುಂಡಿ ಬರುವುದೇ ಇಲ್ಲ.

ವರ್ಷ ಅಂದರೆ ಎರಡು ಅರ್ಥ. ಏಪ್ರಿಲ್‌ನಲ್ಲೇ ಇಡೀ ವರ್ಷದ ಕಂದಾಯ ಕಟ್ಟಿದರೆ ಶೇ. 5 ರಿಯಾಯಿತಿ ಇರುವುದರಿಂದ ಅಪ್ಪ ಏಪ್ರಿಲ್ ತಪ್ಪಿಸುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಕಟ್ಟಿದ್ದು 2014-15ನೇ ಸಾಲಿನದು. ಅದನ್ನೇ ಯಾರೋ ‘2015ರ ರಸೀದಿ’ ಅಂದಾರು. ಟೇಬಲ್‌ನಲ್ಲಿ ದಿನಾಂಕ ಬೇರೆ, ‘ಯಾವ ಸಾಲಿನದು’ ಬೇರೆ ಕಾಲಂ ಮಾಡಿ, 1960ರಿಂದ ಈ ವರ್ಷದವರೆಗಿನ ನಾಲ್ಕಂಕಿ ಕಂಡರೆ ಎರಡರಲ್ಲೂ ನೋಡುವಂತೆ ಮಾಡಿದೆ. ದಿನಾಂಕಕ್ಕೆ ನೇರ ಹೊಂದಿದ್ದು ಮೇಲೆ, ಸಾಲಿಗೆ ಮಾತ್ರ ಹೊಂದಿದ್ದು ಕೆಳಗೆ. ಆ ನಾಲ್ಕಂಕಿ ಸರ್ವೆ ನಂಬರೋ ಪಾಲಿಸಿ ನಂಬರಿನ ತುದಿಯೋ ಆಗಿರಲೂಬಹುದು, ಅಲ್ಲಿಯೂ ಇಣುಕುತ್ತದೆ.

ನಂಬರು ಅಂದಾಗ ನೆನಪಾಯಿತು. ಕರೆಂಟು ಸಂಪರ್ಕದ ಆರ್‌ಆರ್ ನಂಬರ್ ಆಗಲಿ ಪಾಲಿಸಿ ನಂಬರ್ ಆಗಲಿ ಜನಕ್ಕೆ ನೆನಪಿರುವುದು ಕೊನೆಯ ಮೂರು ನಾಲ್ಕು ಅಂಕಿ. ಎಫ್‌ಟಿಎಸ್5 ಪದದ ಮೊದಲ ಭಾಗ ಹಿಡಿದು ಹುಡುಕುತ್ತದೆಯೇ ಹೊರತು ತುದಿ ಹಿಡಿದಲ್ಲ. ಸಂಖ್ಯೆಯ ಕಾಲಂ ಅನ್ನು ಅದರಿಂದ ಹೊರಗಿಟ್ಟು ಸಾದಾ ‘ಲೈಕ್’ನಲ್ಲಿ ಹಿಂಬದಿಯಿಂದ ಹೋಲಿಸುತ್ತೇನೆ. ಒಂದು ಮನೆಯ ಕಾಗದ ಎಷ್ಟಿದ್ದರೂ ಇದು ಕಣ್ಣುಮುಚ್ಚಿ ತೆಗೆಯುವುದರೊಳಗೆ ಆಗುತ್ತದೆ. ಇನ್ನೊಂದು: ಸೈಟ್ ನಂಬರ್ ‘47/2’ ಕುಟ್ಟಿದರೆ ಅಡ್ಡಗೆರೆ ನೋಡಿ ಎಫ್‌ಟಿಎಸ್5 ಸಿಂಟ್ಯಾಕ್ಸ್ ಎರರ್ ಅನ್ನುತ್ತದೆ, ಪುಟವೇ ಮುರಿದುಬೀಳುತ್ತದೆ. ಪ್ರತಿ ಪದವನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟೇ ಕಳಿಸಬೇಕು. ಪ್ರಶ್ನೆಯ ಪಠ್ಯವನ್ನು ಡೇಟಾಬೇಸಿಗೆ ಕೊಡುವ ಎಸ್‌ಕ್ಯೂಎಲ್ ವಾಕ್ಯಕ್ಕೆ ಅಂಟಿಸದೆ, ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಬೇರೆಯಾಗಿ ಕೊಡುವುದಂತೂ ಇದ್ದದ್ದೇ.

ಕುಟ್ಟುತ್ತಿರುವಾಗಲೇ ಫಲಿತಾಂಶ ತೋರಿಸುವ ಶೋಕಿಯನ್ನು ಬೇಗ ತೆಗೆದೆ. ಫೋನಿನ ಕನ್ನಡ ಕೀಬೋರ್ಡಿನಲ್ಲಿ ‘ನೀರು’ ಪೂರ್ತಿಯಾಗುವ ಮೊದಲು ‘ನ್’, ‘ನಿ’ ಅಂತೆಲ್ಲ ಹಾದುಹೋಗುತ್ತದೆ. ಪ್ರತಿ ಸಲ ಕೆಳಗೆ ‘ಏನೂ ಇಲ್ಲ’ ಅಂತ ಮಿನುಗುವುದು ನೋಡಿ ಅಮ್ಮ ಕೈ ತೆಗೆದುಬಿಡುತ್ತಿದ್ದರು. ಪದ ಮುಗಿದದ್ದನ್ನು ತಿಳಿಸುವ ಕಾಂಪೊಸಿಷನ್‌ಎಂಡ್ ಅನ್ನುವ ಈವೆಂಟ್ ಬ್ರೌಸರಿನಲ್ಲಿದೆ, ಕಾಯಬಹುದು. ಆದರೆ ಅಷ್ಟು ಅವಸರ ಯಾರಿಗಿದೆ? ಈಗ ಇರುವುದು ದೊಡ್ಡ ಅಕ್ಷರದ ಒಂದು ಖಾನೆ, ‘ಹುಡುಕು’ ಅನ್ನುವ ಗುಂಡಿ. ಖಾನೆಯ ಮೇಲೆ ‘ಯಾವ ಕಾಗದ ಬೇಕು?’ ಅಂತ ಬರೆದಿದೆ. ಅದನ್ನು ಖಾನೆಯೊಳಗೆ ಬೂದು ಬಣ್ಣದಲ್ಲಿ ಇಡಲಿಲ್ಲ. ಒಂದಕ್ಷರ ಕುಟ್ಟಿದ ಕೂಡಲೇ ಮಾಯವಾಗುವ ಸೂಚನೆಯಿಂದ ಉಪಯೋಗ ಕಡಿಮೆ.

ಫಲಿತಾಂಶದ ಸಾಲಿನಲ್ಲಿ ನಾನು ಮೊದಲು ಶೀರ್ಷಿಕೆ, ದಿನಾಂಕ, ಸಂಖ್ಯೆ ಅಂತ ಇಟ್ಟಿದ್ದೆ. ಅಮ್ಮ ನೋಡಿ, “ಎಲ್ಲಿದೆ ಅಂತ ಹೇಳೇ, ಅದರ ನಂಬರು ತಗೊಂಡು ನಾನೇನು ಮಾಡ್ಲಿ” ಅಂದರು. ಈಗ ದಪ್ಪ ಅಕ್ಷರದಲ್ಲಿ ಮೊದಲು ಬರುವುದು ‘ನೀಲಿ ಫೈಲು, ಬೀರು, ಮೇಲಿನ ಶೆಲ್ಫು’. ಶೀರ್ಷಿಕೆ ಅದರ ಕೆಳಗೆ. ಸ್ಕ್ಯಾನ್ ಇದ್ದರೆ ಪಕ್ಕದಲ್ಲಿ ಚಿಕ್ಕ ಚಿತ್ರ.

ಏನೂ ಸಿಗದಿದ್ದಾಗಿನ ಪುಟಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಗಮನ ಕೊಟ್ಟೆ. ‘ಫಲಿತಾಂಶ ಇಲ್ಲ’ ಅಂತ ಬಾಗಿಲು ಹಾಕಿದರೆ ಕಾಗದವೇ ಇಲ್ಲವೋ ತಾನು ಕೇಳಿದ್ದು ಸರಿಯಿಲ್ಲವೋ ಹುಡುಕುವವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಪ್ರೋಗ್ರಾಮು ಒಂದೊಂದೇ ಪದ ಬಿಟ್ಟು ಮತ್ತೆ ಹುಡುಕುತ್ತದೆ: ‘ಅಮ್ಮನ ಕಣ್ಣಿನ ರಿಪೋರ್ಟು 2016: ಇಲ್ಲ. 2016 ಬಿಟ್ಟರೆ 3 ಇವೆ.’ ಆ ಸಾಲನ್ನೇ ಒತ್ತಿದರೆ ಮೂರೂ ಬರುತ್ತವೆ. ಯಾವ ಪದವೂ ಪಟ್ಟಿಯಲ್ಲೇ ಇಲ್ಲದಿದ್ದರೆ ಅದನ್ನೂ ಹಾಗೇ ಹೇಳುತ್ತದೆ. ಸೋತ ಹುಡುಕಾಟಗಳೆಲ್ಲ ಬೇರೊಂದು ಟೇಬಲ್‌ನಲ್ಲಿ ದಾಖಲಾಗುತ್ತವೆ, ಬಿಡುವಾದಾಗ ತೆರೆದು ನೋಡುತ್ತೇನೆ. ‘ಬೆಟರ್‌ಮೆಂಟ್’ ಸಿಕ್ಕಿರಲಿಲ್ಲ, ಪಟ್ಟಿಯಲ್ಲಿ ಅದು ‘ಸುಧಾರಣಾ ಶುಲ್ಕ’. ‘ರಸೀತಿ’ ಸಿಕ್ಕಿರಲಿಲ್ಲ, ಶ-ಸ ಸಡಿಲಿಕೆಗೆ ತ-ದ ಬಾಗುವುದಿಲ್ಲ, ಗುಂಪಿಗೇ ಸೇರಿಸಿದೆ. ‘ಮೀಟರ್ ಡಿಪಾಸಿಟ್’ ಸಹ ಹೀಗೆ ಬಂದದ್ದೇ. ಅಪ್ಪ ಒಮ್ಮೆ ‘ಬಿಳಿ ಕವರು’ ಅಂತ ಹುಡುಕಿದ್ದರು. ಮೊದಲು ನಗು ಬಂತು. ಆಮೇಲೆ ನೋಡಿದರೆ ಕಾಗದದ ಹೆಸರು ಮರೆತವರಿಗೂ ಕವರಿನ ಬಣ್ಣ ನೆನಪಿರುತ್ತದೆ. ಬಣ್ಣಕ್ಕೂ ಒಂದು ಕಾಲಂ ಬಂತು.

ಬ್ಯಾಕಪ್ ಸುಲಭ, ಇಡೀ ಡೇಟಾಬೇಸ್ ಒಂದೇ ಫೈಲು. ಆದರೆ ಪ್ರೋಗ್ರಾಮು ಓಡುತ್ತಿರುವಾಗ ಹಾಗೇ ಕಾಪಿ ಹೊಡೆಯಬೇಡಿ, ಅರ್ಧ ಬರೆದದ್ದು ಕಾಪಿಯಾಗಬಹುದು. ಎಸ್‌ಕ್ಯೂಲೈಟ್‌ನದ್ದೇ ಬ್ಯಾಕಪ್ ಆಜ್ಞೆ ಇದೆ, ಅದನ್ನೇ ರಾತ್ರಿ ಓಡಿಸಿ ಪೆನ್‌ಡ್ರೈವಿಗೆ ಹಾಕುತ್ತೇನೆ.

ಉಳಿದಿರುವುದು ಸ್ಕ್ಯಾನ್‌ಗಳ ಒಳಗಿನ ಪಠ್ಯ. ಚಿತ್ರದೊಳಗಿನ ಅಕ್ಷರ ಓದುವ ಟೆಸರಾಕ್ಟ್ ತಂತ್ರಾಂಶಕ್ಕೆ ಕನ್ನಡ ಬರುತ್ತದೆ; ಅಚ್ಚಾದ ಬಿಲ್ಲುಗಳನ್ನು ಹುಡುಕಲು ಸಾಕಾಗುವಷ್ಟು ಓದುತ್ತದೆ. ಪಂಚಾಯಿತಿ ಕಾಲದ ರಸೀದಿಗಳು ಕಾರ್ಬನ್ ಹಾಳೆಯ ಕೈಬರಹ, ಅಲ್ಲಿ ಅದರ ಆಟ ನಡೆಯುವುದಿಲ್ಲ. ಅವನ್ನು ಅಪ್ಪ ಕನ್ನಡಕ ಏರಿಸಿಕೊಂಡು ಓದಿ ಹೇಳುತ್ತಾರೆ, ನಾನು ಟೈಪು ಮಾಡುತ್ತೇನೆ. ಟ್ರಂಕಿನಲ್ಲಿ ಇನ್ನೂ ಎರಡು ಕಟ್ಟು ಬಾಕಿ ಇವೆ.